ಸರ್ವಮಂಗಳಮ್ಮನವರ ಮೊರ ಮತ್ತು ನಮ್ಮ ದೆವ್ವ

ದೆವ್ವದ ಸಿನಿಮಾ ನೋಡುವುದಕ್ಕೆ ಸರ್ವಮಂಗಳಮ್ಮನವರ ಪ್ರಕಾರ ಸರಿಯಾದ ಹೊತ್ತು ಬೆಳಿಗ್ಗೆ ಹನ್ನೊಂದು ಗಂಟೆ. ಅಷ್ಟೊತ್ತಿಗೆ ಪೂಜೆ ಮುಗಿದಿರಬೇಕು, ಸಾರು ಕುದಿದಿರಬೇಕು, ಹಜಾರದ ಕಿಟಕಿಗಳೆಲ್ಲ ತೆರೆದಿರಬೇಕು. ಬಿಸಿಲು ಟಿವಿಯ ಮೇಲೆ ಬಿದ್ದು ಅರ್ಧ ದೆವ್ವ ಕಾಣದೇ ಹೋದರೂ ಪರದೆ ಎಳೆಯಲು ಬಿಡುತ್ತಿರಲಿಲ್ಲ. ನೆಲದ ಮೇಲೆ ಕಾಲು ಚಾಚಿ ಕೂತು, ತೊಡೆಯ ಮೇಲೆ ಮೊರ ಇಟ್ಟುಕೊಂಡು, ಬೇಳೆ ಆಡಿಸುತ್ತಾ ಕಲ್ಲು ಆರಿಸುತ್ತಾ ಅವರು ಸಿನಿಮಾ ನೋಡುತ್ತಿದ್ದರು. ಟಿವಿಯಲ್ಲಿ ಯಾರದೋ ಕುತ್ತಿಗೆ ಪೂರ್ತಿ ಒಂದು ಸುತ್ತು ತಿರುಗುತ್ತಿದ್ದರೆ ಇಲ್ಲಿ ಮೊರ ಸರ್ ಸರ್ ಎಂದು ತನ್ನ ಪಾಡಿಗೆ ತಾನು ಸದ್ದು ಮಾಡುತ್ತಿತ್ತು.

ರಾತ್ರಿ ಯಾಕೆ ನೋಡುವುದಿಲ್ಲ ಎಂದು ಒಮ್ಮೆ ಕೇಳಿದೆ. "ಕತ್ತಲಲ್ಲಿ ಹೆಗ್ಗಣ ಕಂಡ್ರೂ ಹೆದರ್ತೀವಿ ಕಣೇ. ಹಗಲು ಹೊತ್ತಲ್ಲಿ ಹೆದರಿಸ್ಲಿ, ಆಗ ಒಪ್ಕೋತೀನಿ," ಎಂದರು.

ಒಪ್ಪಿಕೊಳ್ಳುವುದಕ್ಕೆ ಅವರದು ಒಂದೇ ಅಳತೆ: ಕೈ ನಿಲ್ಲಬೇಕು. ಸಿನಿಮಾ ಮುಗಿಯುವುದರೊಳಗೆ ಮೊರ ಒಂದು ಸಲವಾದರೂ ತಾನಾಗಿ ನಿಂತರೆ ಆ ದೆವ್ವ ಪಾಸು. ನಿಲ್ಲದಿದ್ದರೆ ಅದು ಎಷ್ಟೇ ರಕ್ತ ಕಾರಿದರೂ ಫೇಲು. ನಾನು ಅವರನ್ನು ಕಾಣುವ ಹೊತ್ತಿಗೆ ಜಗತ್ತಿನ ಎಲ್ಲ ಭಾಷೆಯ ದೆವ್ವಗಳೂ ಆ ಹಜಾರಕ್ಕೆ ಬಂದು ಫೇಲಾಗಿ ಹೋಗಿದ್ದವು. ಆರಿಸುವ ಬೇಳೆಗೂ ಅವರ ಮನೆಯಲ್ಲಿ ಬರವಿರಲಿಲ್ಲ. ಯಜಮಾನರಾದ ಗಂಗಾಧರಪ್ಪನವರದು ತರಗುಪೇಟೆಯಲ್ಲಿ ಬೇಳೆಕಾಳಿನ ಮಂಡಿ. ವ್ಯಾಪಾರಿಗಳು ತೋರಿಸಲು ತಂದ ಮಾದರಿ ಕಾಳುಗಳೆಲ್ಲ ಒಂದರೊಳಗೊಂದು ಬೆರೆತು, ದಿನಾ ಸಂಜೆ ಒಂದು ಚೀಲವಾಗಿ ಮನೆಗೆ ಬರುತ್ತಿದ್ದವು. ಉದ್ದನ್ನೂ ಹೆಸರನ್ನೂ ಬೇರೆ ಮಾಡಿ, ತಂತಮ್ಮ ಸಂಸಾರ ನಡೆಸುವಂತೆ ಮಾಡಲು ಒಬ್ಬರು ಬೇಕಲ್ಲ, ಅದು ಇವರ ಕೆಲಸ.

ಅವರ ಮನೆಯ ಮಹಡಿಗೆ ನಾನೂ ಗೆಳತಿ ಚೈತ್ರಾಳೂ ಬಾಡಿಗೆಗೆ ಹೋದ ದಿನ ಗಂಗಾಧರಪ್ಪನವರು ಬಾಗಿಲಲ್ಲೇ ನಿಂತು ಏನು ಕೆಲಸ ಎಂದು ವಿಚಾರಿಸಿದರು. ನಾವಿಬ್ಬರೂ ಸೇರಿ ದೆವ್ವದ ಗೇಮ್ ಮಾಡುತ್ತಿದ್ದೇವೆ, ಕಂಪ್ಯೂಟರಿನಲ್ಲಿ ಆಡುವಂಥದ್ದು ಎಂದೆ. ಅವರ ಮುಖ ಸಪ್ಪಗಾಯಿತು. ಚಾಮರಾಜಪೇಟೆಯಲ್ಲಿ ಮನೆಗಳಿಗೇನು ಕಡಿಮೆ, ಇಲ್ಲೇ ಮುಂದಿನ ಕ್ರಾಸಿನಲ್ಲಿ ಕೇಳಿ ಎಂದು ಹೇಳುತ್ತಿರುವಾಗಲೇ ಒಳಗಿನಿಂದ ಮೊರದ ಸದ್ದು ಬಾಗಿಲ ತನಕ ನಡೆದು ಬಂತು. ಸರ್ವಮಂಗಳಮ್ಮನವರು ಗಂಡನನ್ನು ಪಕ್ಕಕ್ಕೆ ಸರಿಸಿ, ಹೆಂಗಸು ದೆವ್ವವೋ ಗಂಡಸು ದೆವ್ವವೋ ಎಂದು ಕೇಳಿದರು. ಇನ್ನೂ ತೀರ್ಮಾನ ಆಗಿಲ್ಲ ಎಂದೆವು. ಹಾಗಿದ್ದರೆ ಬನ್ನಿ, ಕಾಫಿ ಕುಡಿಯುತ್ತಾ ತೀರ್ಮಾನ ಮಾಡೋಣ ಎಂದರು. ಮನೆ ಸಿಕ್ಕಿತು.

ಗಂಗಾಧರಪ್ಪನವರಿಗೆ ದೆವ್ವ ಎಂದರೆ ನಿಜವಾಗಿಯೂ ಭಯ. ಹಾಗಂತ ಹೆಂಡತಿಯನ್ನು ದೆವ್ವದ ಜೊತೆ ಒಂಟಿಯಾಗಿ ಬಿಡುವುದಕ್ಕೂ ಮನಸ್ಸಿಲ್ಲ. ಮಂಡಿಯನ್ನು ತಮ್ಮನಿಗೆ ವಹಿಸಿ ಹನ್ನೊಂದಕ್ಕೆ ಮನೆಗೆ ಬಂದು, ಹಣೆಗೆ ಇನ್ನೊಂದು ಪಟ್ಟು ವಿಭೂತಿ ಬಳಿದುಕೊಂಡು, ಟಿವಿಗೆ ಬೆನ್ನು ಮಾಡಿ ಕುರ್ಚಿಯಲ್ಲಿ ಪೇಪರ್ ಹಿಡಿದು ಕೂರುತ್ತಿದ್ದರು. ಹಿನ್ನೆಲೆ ಸಂಗೀತ ಜೋರಾದಾಗ ಪೇಪರು ಮುಖಕ್ಕೆ ಇನ್ನಷ್ಟು ಹತ್ತಿರ ಬರುತ್ತಿತ್ತು. "ಮುಗೀತಾ ಮಂಗಳಾ?" ಎಂದು ಆಗಾಗ ಕೇಳುತ್ತಿದ್ದರು. ಇನ್ನೂ ಒಬ್ಬಳು ಸಾಯಬೇಕು ಕೂತ್ಕೊಳ್ಳಿ ಎಂದು ಹಿಂದಿನಿಂದ ಉತ್ತರ ಬರುತ್ತಿತ್ತು.

ಪುಸ್ತಕದ ವಿಷಯದಲ್ಲಿ ಸರ್ವಮಂಗಳಮ್ಮನವರು ಇನ್ನೂ ಕಟ್ಟುನಿಟ್ಟು. ಅವೆನ್ಯೂ ರಸ್ತೆಯ ಹಳೇ ಪುಸ್ತಕದಂಗಡಿಯಲ್ಲಿ ಭೂತಬಂಗಲೆಯ ಚಿತ್ರವಿರುವ ಕಾದಂಬರಿ ಸಿಕ್ಕರೆ ಮೊದಲು ಕೊನೆಯ ಪುಟ ಓದುತ್ತಿದ್ದರು. ಆಸ್ತಿಯ ಆಸೆಗೆ ಚಿಕ್ಕಪ್ಪನೇ ಬಿಳಿ ಬಟ್ಟೆ ಹೊದ್ದು ಓಡಾಡುತ್ತಿದ್ದ ಎಂದು ಗೊತ್ತಾದರೆ ಪುಸ್ತಕ ವಾಪಸು. "ಅಂಥ ಚಿಕ್ಕಪ್ಪಂದ್ರು ನಮ್ಮನೇಲೇ ಬೇಕಾದಷ್ಟು ಜನ ಇದಾರಪ್ಪ, ಅದನ್ನ ಓದೋಕೆ ಇಲ್ಲಿ ತನಕ ಬರ್ಬೇಕಾ?" ಎಂದು ಅಂಗಡಿಯವನನ್ನೇ ತರಾಟೆಗೆ ತೆಗೆದುಕೊಂಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ದೆವ್ವ ಎಂದ ಮೇಲೆ ದೆವ್ವವೇ ಆಗಿರಬೇಕು, ಕಲಬೆರಕೆ ಆಗದು. ಮಂಡಿ ಮನೆತನದ ಗುಣ.

ಒಂದು ಸಲ ನಾವು ಅವರನ್ನು ಮಾಲ್‌ನ ಥಿಯೇಟರಿಗೆ ಬೆಳಗಿನ ಆಟಕ್ಕೆ ಕರೆದುಕೊಂಡು ಹೋದೆವು. ಅವರೆಕಾಯಿ ಕಾಲ. ಕತ್ತಲಲ್ಲಿ ಕಲ್ಲು ಕಾಣುವುದಿಲ್ಲ ಎಂದು ಮೊರ ಬಿಟ್ಟು, ನೆನೆಸಿದ ಅವರೆಕಾಳನ್ನು ದೊಡ್ಡ ಸ್ಟೀಲ್ ಡಬ್ಬಿಯಲ್ಲಿ ತುಂಬಿಕೊಂಡು ಬಂದಿದ್ದರು. ಸಿಪ್ಪೆ ಹಿತಕುವುದಕ್ಕೆ ಬೆಳಕು ಬೇಡವಲ್ಲ. ಹೊರಗಿನ ತಿಂಡಿ ತರಬಾರದು ಎಂದು ಬಾಗಿಲಲ್ಲಿ ತಡೆದವನಿಗೆ, "ಇದು ತಿಂಡಿ ಅಲ್ಲಪ್ಪ, ಕೆಲಸ," ಎಂದು ಡಬ್ಬಿ ತೆರೆದು ತೋರಿಸಿದರು. ನೀರಲ್ಲಿ ಉಬ್ಬಿದ ಹಸಿ ಕಾಳು ಕಂಡು ಅವನಿಗೂ ಯಾವ ನಿಯಮ ಹೇಳಬೇಕೋ ತಿಳಿಯಲಿಲ್ಲ.

ಸಿನಿಮಾ ನಡೆಯುತ್ತಿತ್ತು. ನಾಯಕ ಬಾಯಾರಿಕೆಯಾಗಿ ಫ್ರಿಜ್ ತೆಗೆಯುತ್ತಾನೆ, ಒಳಗೆ ಬರೀ ನೀರಿನ ಬಾಟಲಿ. ಭಯದ ಸುಳಿವೂ ಇಲ್ಲದ ಆ ಗಳಿಗೆಯಲ್ಲಿ ಸರ್ವಮಂಗಳಮ್ಮನವರು ಹಿತಕಿದ ಒಂದು ಕಾಳು ಬೆರಳಿನಿಂದ ಜಾರಿ, ಪಚಕ್ಕನೆ ಹಾರಿ, ಮುಂದಿನ ಸಾಲಿನ ದಪ್ಪ ಮೀಸೆಯವರೊಬ್ಬರ ಕತ್ತಿಗೆ ಬಡಿಯಿತು. ತಣ್ಣಗೆ, ಒದ್ದೆಯಾಗಿ. ಅವರು ಅಪ್ಪಾ ಎಂದು ಕೂಗಿಕೊಂಡು ಎದ್ದು ನಿಂತರು. ಅವರು ಕೂಗಿದ್ದಕ್ಕೆ ಪಕ್ಕದವರು ಕೂಗಿದರು, ಪಕ್ಕದವರಿಗೆ ಅವರ ಪಕ್ಕದವರು, ಹೀಗೆ ಇಡೀ ಥಿಯೇಟರು ಒಂದು ಫ್ರಿಜ್ ನೋಡಿ ಕಿರುಚಿತು. ಸರ್ವಮಂಗಳಮ್ಮನವರು ಮಾತ್ರ ಕೈ ನಿಲ್ಲಿಸದೆ, ಈ ಸಿನಿಮಾಕ್ಕೆ ಜನ ಹೆದರುವುದೇನೋ ನಿಜ, ಯಾಕೆ ಅಂತ ತನಗೆ ತಿಳಿಯುತ್ತಿಲ್ಲ ಎಂದು ನನ್ನ ಕಿವಿಯಲ್ಲಿ ಹೇಳಿದರು. ನಾನು ಹೇಳಲು ಹೋಗಲಿಲ್ಲ. ಮರುದಿನ ಹಿತಕಿದ ಬೇಳೆ ಸಾರು ನಮಗೂ ಬಂತು.

ಇಂಥವರ ಕೈಯನ್ನು ನಮ್ಮ ಗೇಮ್ ನಿಲ್ಲಿಸಬೇಕು ಎಂಬ ಹಟ ನಮ್ಮಿಬ್ಬರಿಗೂ ಹಿಡಿಯಿತು. ಚೈತ್ರಾ ಚಿತ್ರ ಬರೆಯುವವಳು, ನಾನು ಕಥೆ ಮತ್ತು ಸದ್ದು ನೋಡಿಕೊಳ್ಳುವವಳು. "ನೋಡು ಸುಮಾ, ಆಂಟಿ ಕೈ ನಿಂತ್ರೆ ಊರೆಲ್ಲ ಹೆದರತ್ತೆ. ನಿಲ್ಲಲಿಲ್ಲಾಂದ್ರೆ ಈ ಕೆಲಸ ಬಿಟ್ಬಿಡೋಣ," ಎಂದಳು ಚೈತ್ರಾ. ಅವಳು ತಮಾಷೆಗೆ ಹೇಳಿದ್ದಲ್ಲ. ಅಷ್ಟು ದಿನದ ನಮ್ಮ ಕೆಲಸ ಯಾರನ್ನೂ ಹೆದರಿಸಿರಲಿಲ್ಲ. ಆಡಿದವರೆಲ್ಲ ಬಣ್ಣ ಚೆನ್ನಾಗಿದೆ ಎನ್ನುತ್ತಿದ್ದರು. ದೆವ್ವ ಮಾಡಿದವರಿಗೆ ಅದಕ್ಕಿಂತ ಅವಮಾನ ಬೇರೆ ಇಲ್ಲ.

ನಮ್ಮ ಗೇಮ್‌ನಲ್ಲಿ ಹಳೇ ಪೇಟೆಯ ಒಂದು ಮನೆ, ಮನೆಯ ಹಿಂಬದಿಗೆ ಉಗ್ರಾಣ, ಉಗ್ರಾಣದೊಳಗೆ ದೆವ್ವ. ಒಂದು ದಿನ ಹನ್ನೊಂದು ಗಂಟೆಗೆ ಲ್ಯಾಪ್‌ಟಾಪನ್ನು ಅವರ ಟಿವಿಗೆ ಜೋಡಿಸಿ ನಾನು ಆಡತೊಡಗಿದೆ. ಉಗ್ರಾಣದ ಬಾಗಿಲು ಕಿರ್ರೆಂದು ತೆರೆಯಿತು. ಮೊರ ನಿಂತೇ ಹೋಯಿತು. ಚೈತ್ರಾ ನನ್ನ ತೋಳು ಚಿವುಟಿದಳು.

"ಅಲ್ಲ ಕಣ್ರೇ, ಮೂಟೆಗಳ್ನ ಗೋಡೆಗೆ ತಾಗಿಸಿ ಇಟ್ಟಿದೀರಲ್ಲ," ಎಂದರು ಸರ್ವಮಂಗಳಮ್ಮನವರು, "ಕೆಳಗೆ ಒಂದು ಹಲಗೇನೂ ಇಲ್ಲ. ಥಂಡಿ ಹಿಡಿದು ಹುಳ ಬೀಳಲ್ವಾ?"

ದೆವ್ವ ಆಗಲೇ ಮೂಟೆಗಳ ಹಿಂದಿನಿಂದ ಎದ್ದು ನಾಲಿಗೆ ಚಾಚಿ ನಿಂತಿತ್ತು. ಅವರು ಅದರ ಕಡೆ ನೋಡಲೇ ಇಲ್ಲ. ಗೋಡೆಗೆ ತಾಗಿಸಿದ್ದಾರೆ ಎಂಬ ಮಾತು ಕಿವಿಗೆ ಬಿದ್ದ ಗಂಗಾಧರಪ್ಪನವರು ತಡೆಯಲಾರದೆ, ಮೊಟ್ಟಮೊದಲ ಬಾರಿಗೆ ಕುರ್ಚಿಯಲ್ಲಿ ಹಿಂದಕ್ಕೆ ತಿರುಗಿ ಟಿವಿ ನೋಡಿದರು. ಮೂಟೆ ಕಾಣಲಿಲ್ಲ, ದೆವ್ವವೇ ಕಂಡಿತು. ಎದ್ದು ನೇರವಾಗಿ ದೇವರ ಮನೆಗೆ ಹೋದವರು ಊಟಕ್ಕೇ ಹೊರಗೆ ಬಂದದ್ದು. ಇದು ಲೆಕ್ಕಕ್ಕಿಲ್ಲ, ಕೈ ನಿಂತದ್ದು ಮೂಟೆಗೆ, ದೆವ್ವಕ್ಕಲ್ಲ ಎಂದು ಸರ್ವಮಂಗಳಮ್ಮನವರೇ ತೀರ್ಪು ಕೊಟ್ಟರು.

ಆಮೇಲೆ ತಾವೇ ಆಡಿ ನೋಡುತ್ತೇನೆಂದು ಕೂತರು. ಓಡಿಹೋಗಬೇಕಾದ ಕಡೆಯಲ್ಲೆಲ್ಲ ನಿಂತು, ತೊಟ್ಟಿಕ್ಕುತ್ತಿದ್ದ ನಲ್ಲಿ ನಿಲ್ಲಿಸಿ, ಒಂದೊಂದು ಕೋಣೆಯ ದೀಪವನ್ನೂ ಆರಿಸುತ್ತಾ ನಡೆದರು. ಯಾರೂ ಇಲ್ಲದ ಮನೆಯಲ್ಲಿ ಇಷ್ಟು ದೀಪ ಯಾಕೆ ಎಂಬುದು ಅವರ ಪ್ರಶ್ನೆ. ಬೆಳಕಿದ್ದರೆ ಮಾತ್ರ ದೆವ್ವಕ್ಕೆ ದಾರಿ ಕಾಣುವಂತೆ ನಾವು ಮಾಡಿಟ್ಟಿದ್ದೆವು. ದೀಪ ಆರಿಸುವ ಆಟಗಾರರು ಇರುತ್ತಾರೆಂದು ನಮಗೆ ಹೊಳೆದಿರಲಿಲ್ಲ. ನಮ್ಮ ದೆವ್ವ ದಿಕ್ಕು ತಪ್ಪಿ ಅಡುಗೆಮನೆಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತುಕೊಂಡಿತು. "ಪಾಪ, ಅದಕ್ಕೇನಾದ್ರೂ ಕೆಲಸ ಕೊಡ್ರೇ," ಎಂದು ಅವರು ಎದ್ದು ಹೋದರು.

ಮುಂದಿನ ವಾರ ನಾನು ಮಹಡಿಯಲ್ಲಿ ತಲೆ ಕೆರೆದುಕೊಳ್ಳುತ್ತಾ ಕೂತಿದ್ದೆ. ಯಾಕೋ ಕುತ್ತಿಗೆಯ ಹಿಂದೆ ಚಳಿಯಾದಂತಾಯಿತು. ಏನೆಂದು ತಿಳಿಯಲು ಸ್ವಲ್ಪ ಹೊತ್ತೇ ಹಿಡಿಯಿತು: ಕೆಳಗೆ ಮೊರದ ಸದ್ದು ಇರಲಿಲ್ಲ. ದಿನಾ ಕಿವಿಗೆ ಬೀಳುತ್ತಿದ್ದ ಸದ್ದು, ಅದು ಇದೆ ಎಂದೇ ನಾನು ಗಮನಿಸಿರಲಿಲ್ಲ. ಒಂದೇ ಉಸಿರಿಗೆ ಮೆಟ್ಟಿಲಿಳಿದು ಓಡಿದರೆ, ಸರ್ವಮಂಗಳಮ್ಮನವರು ಅಡುಗೆಮನೆಯಲ್ಲಿ ನಿಂತು ತಂಗಿಯ ಜೊತೆ ಫೋನಿನಲ್ಲಿ ನಗುತ್ತಿದ್ದರು. ಮೊರ ಸದ್ದು ಮಾಡಲಿಲ್ಲ ಎಂದು ಓಡಿ ಬಂದೆ ಎಂದೆ.

"ಅಷ್ಟಕ್ಕೇನಾ ಮುಖ ಬೆಳ್ಳಗೆ ಮಾಡ್ಕೊಂಡಿದೀಯ?" ಎಂದರು. ನಗುತ್ತಿದ್ದವರು ಹಾಗೇ ನನ್ನ ಮುಖ ನೋಡಿದರು. "ಹಾಗಾದ್ರೆ ಇದನ್ನೇ ಹಾಕು ಸುಮಾ ನಿನ್ನ ಗೇಮಲ್ಲಿ."

ಹಾಕಿದೆವು. ಸದ್ದು ಹಿಡಿಯುವ ದಿನ ಅವರು ಇಳಕಲ್ ಸೀರೆ ಉಟ್ಟು, ಮಲ್ಲಿಗೆ ಮುಡಿದು ತಯಾರಾಗಿದ್ದರು. ಬರೀ ಸದ್ದು ಆಂಟಿ, ನೀವು ಕಾಣುವುದಿಲ್ಲ ಎಂದರೆ, ಇರಲಿ, ಸದ್ದಿಗೂ ಒಂದು ಕಳೆ ಬರುತ್ತದೆ ಎಂದರು. ಗಂಗಾಧರಪ್ಪನವರಿಗೆ ಉಸಿರೆತ್ತಬಾರದೆಂದು ಅಪ್ಪಣೆಯಾಗಿತ್ತು. ಪಾಪ, ಎಷ್ಟೋ ಹೊತ್ತು ತಡೆದುಕೊಂಡು, ಕೊನೆಗೊಂದು ಕೆಮ್ಮು ಕೆಮ್ಮಿಯೇ ಬಿಟ್ಟರು. ಆ ಕೆಮ್ಮನ್ನು ತೆಗೆಯಬೇಡ ಎಂದು ಚೈತ್ರಾ ಹೇಳಿದಳು. ಈಗಲೂ ನಮಗೆ ಬರುವ ಪತ್ರಗಳಲ್ಲಿ ಗೇಮ್ ಆಡಿದವರು ಕೇಳುವುದು ಅದನ್ನೇ: ಖಾಲಿ ಮನೆಯಲ್ಲಿ ಕೆಮ್ಮುವವರು ಯಾರು? ಊರಿನ ದೆವ್ವಪ್ರಿಯರಿಗೆಲ್ಲ ನಡುಕ ಹುಟ್ಟಿಸಿದ ಆ ಭಯಂಕರ ವ್ಯಕ್ತಿ ಟಿವಿಗೆ ಬೆನ್ನು ಹಾಕಿ ಕೂರುವವರು ಎಂದು ನಾವು ಯಾರಿಗೂ ಹೇಳಿಲ್ಲ.

ಹೊಸ ಗೇಮ್‌ನಲ್ಲಿ ಮೂಟೆಗಳು ಹಲಗೆಯ ಮೇಲಿದ್ದವು, ಗೋಡೆಯಿಂದ ದೂರ. ಮನೆಯೊಳಗೆ ಕಾಲಿಟ್ಟಾಗಿನಿಂದ ಎಲ್ಲೋ ಯಾರೋ ಮೊರ ಆಡಿಸುತ್ತಿರುತ್ತಾರೆ. ಉಗ್ರಾಣದ ಬಾಗಿಲು ತೆಗೆದರೆ ಆ ಸದ್ದು ನಿಲ್ಲುತ್ತದೆ. ಅಷ್ಟೇ. ಅದನ್ನು ಅವರ ಟಿವಿಯಲ್ಲಿ ಆಡಿ ತೋರಿಸಿದ ದಿನ ಸರ್ವಮಂಗಳಮ್ಮನವರು ಕಡಲೆಬೇಳೆ ಆರಿಸುತ್ತಿದ್ದರು. ಅವರ ಮೊರದ ಸದ್ದು ಗೇಮ್‌ನ ಮೊರದ ಸದ್ದಿನೊಳಗೆ ಸೇರಿಹೋಗಿತ್ತು. ನಾನು ಬಾಗಿಲು ತೆಗೆದೆ. ಟಿವಿಯ ಸದ್ದು ಪಟ್ಟನೆ ನಿಂತಿತು. ತಮ್ಮ ಕೈಯೇ ನಿಂತಿತೆಂದು ಅವರು ಬಗ್ಗಿ ಮೊರ ನೋಡಿಕೊಂಡರು. ಕೈ ಆಡುತ್ತಲೇ ಇತ್ತು. ಅದನ್ನು ಕಂಡು ಬೆಚ್ಚಿ, ಮೊರ ಬಿಟ್ಟೇಬಿಟ್ಟರು. ಕಡಲೆಬೇಳೆ ಹಜಾರದ ತುಂಬ ಹರಡಿತು.

ಬೆಳಿಗ್ಗೆ ಹನ್ನೊಂದು ಗಂಟೆ, ಕಿಟಕಿಗಳೆಲ್ಲ ತೆರೆದಿದ್ದವು, ಬಿಸಿಲು ಧಾರಾಳವಾಗಿ ಬಿದ್ದಿತ್ತು.

"ನಿಂತ್ಹೋಯ್ತು ಕಣ್ರೇ," ಎಂದರು ಮೆಲ್ಲಗೆ. ಅವರ ಮುಖದಲ್ಲಿ ಇದ್ದ ಸಂತೋಷವನ್ನು ನಾನು ಯಾವ ಬಹುಮಾನಕ್ಕೂ ಬದಲಿ ಕೊಡಲಾರೆ. ಅವತ್ತು ಸಂಜೆ ವಿಶ್ವೇಶ್ವರಪುರಂನ ತಿಂಡಿ ಬೀದಿಗೆ ನಮ್ಮನ್ನು ಎಳೆದುಕೊಂಡು ಹೋಗಿ, ದೋಸೆ ಹಾಕುವವನಿಂದ ಜಿಲೇಬಿ ಕರಿಯುವವನ ತನಕ ಎಲ್ಲರಿಗೂ, ಈ ಹುಡುಗಿಯರು ನನ್ನನ್ನು ಹೆದರಿಸಿದರು ಎಂದು ಮಗಳ ಮದುವೆ ಗೊತ್ತಾದವರ ಹಾಗೆ ಹೇಳಿಕೊಂಡು ಬಂದರು.

ಗೇಮ್ ಹೊರಬಂದು ಜನ ಮೆಚ್ಚಿದ ಸುದ್ದಿಯನ್ನೂ ಅವರು ಕೇಳಿದರು. ಆ ಚಳಿಗಾಲದಲ್ಲಿ ಒಂದು ಶುಕ್ರವಾರ ಎದೆ ಹಿಡಿದಂತಾಗುತ್ತಿದೆ ಎಂದು ಆಸ್ಪತ್ರೆಗೆ ಹೋದವರು ಹಿಂದಿರುಗಿ ಬರಲಿಲ್ಲ. ಮಹಡಿಯಲ್ಲಿ ನನಗೆ ಹನ್ನೊಂದು ಗಂಟೆ ಎಂದರೆ ಭಯವಾಗತೊಡಗಿತು. ಈ ಸಲ ಓಡಿ ಇಳಿದು ನೋಡುವುದಕ್ಕೂ ಏನೂ ಇರಲಿಲ್ಲ. ತುಂಬ ಅತ್ತೆ.

ಕಾರ್ಯಗಳೆಲ್ಲ ಮುಗಿದ ಮೇಲೆ ಒಂದು ಬೆಳಿಗ್ಗೆ ಕಾಫಿ ಕೊಡಲು ಕೆಳಗೆ ಹೋದೆ. ಗಂಗಾಧರಪ್ಪನವರು ಅದೇ ಕುರ್ಚಿಯಲ್ಲಿ, ಆದರೆ ಟಿವಿಯ ಕಡೆ ಮುಖ ಮಾಡಿ ಕೂತಿದ್ದರು. ಯಾವುದೋ ದೆವ್ವದ ಸಿನಿಮಾ. ಅವರು ಕಣ್ಣು ಮಿಟುಕಿಸದೆ ನೋಡುತ್ತಿದ್ದರು.

"ನೀವು ಓದಿದೋರು," ಎಂದರು ನನ್ನ ಕಡೆ ತಿರುಗದೆ. "ದೆವ್ವ ಅನ್ನೋದು ನಿಜವಾಗ್ಲೂ ಇರತ್ತೇನಮ್ಮ?"

ಅಷ್ಟು ವರ್ಷ ಇರಬಾರದೆಂದು ವಿಭೂತಿ ಬಳಿದುಕೊಂಡವರು ಈಗ ಇರಲಿ ಎಂದು ಕೇಳುತ್ತಿದ್ದರು. ನಾನು ಮಹಡಿಗೆ ಹೋಗಿ ಲ್ಯಾಪ್‌ಟಾಪ್ ತಂದು ಟಿವಿಗೆ ಜೋಡಿಸಿದೆ. ಹಳೇ ಪೇಟೆಯ ಮನೆ ಬಂತು. ಎಲ್ಲೋ ಒಳಗಡೆ ಮೊರ ಸರ್ ಸರ್ ಎನ್ನತೊಡಗಿತು. ಸ್ವಲ್ಪ ಹೊತ್ತಿಗೆ ಆ ಕೆಮ್ಮೂ ಕೇಳಿತು. ಗಂಗಾಧರಪ್ಪನವರು ತಮ್ಮದೇ ಕೆಮ್ಮು ಕೇಳಿ, ನಕ್ಕು, ಕಣ್ಣೊರೆಸಿಕೊಂಡರು. ಆಮೇಲೆ ಕುರ್ಚಿಯನ್ನು ಎತ್ತಿ, ಟಿವಿಗೆ ಬೆನ್ನು ಮಾಡಿ ಹಾಕಿಕೊಂಡು, ಪೇಪರ್ ಬಿಡಿಸಿದರು.

ಈಗ ದಿನಾ ಹನ್ನೊಂದಕ್ಕೆ ಇದು ನಡೆಯುತ್ತದೆ. ನಾನು ಗೇಮ್ ಹಚ್ಚಿ, ಹಜಾರದ ನೆಲದ ಮೇಲೆ ಕೂತು, ಅವರ ಪೇಪರು ಮುಗಿಯುವ ತನಕ ಕಾಯುತ್ತೇನೆ. ಉಗ್ರಾಣದ ಬಾಗಿಲು ಮಾತ್ರ ತೆಗೆಯುವುದಿಲ್ಲ.