ಮೂಗು ತಿದ್ದಿದ ಫೋಟೋದವರು

ಇನ್ಶೂರೆನ್ಸ್ ಕಾಗದ ಹುಡುಕುವಾಗ ಬೀರುವಿನಿಂದ ಒಂದು ಹಳದಿ ಕವರ್ ಬಿತ್ತು. ಒಳಗೆ ನನ್ನದೇ ಫೋಟೋ. ನೆಟ್ಟಗಿನ ಮೂಗು, ಮುಚ್ಚಿದ ಬಾಯಿ. ಎರಡೂ ಆಗ ನನ್ನವಾಗಿರಲಿಲ್ಲ. ದಯಪಾಲಿಸಿದ್ದು ಭದ್ರಾವತಿಯಲ್ಲಿ ಸ್ಟುಡಿಯೋ ಇಟ್ಟಿದ್ದ ಫೋಟೋದವರು.

ನನಗಾಗ ಮೂವತ್ತೈದು, ಮದುವೆಯಾಗಿರಲಿಲ್ಲ. ಚಿಕ್ಕಂದಿನಲ್ಲಿ ಸೈಕಲ್ಲಿಂದ ಬಿದ್ದ ಮೇಲೆ ಮೂಗು ಎಡಕ್ಕೆ ವಾಲಿತ್ತು. ಉಸಿರಾಟಕ್ಕೆ ಬಾಯಿಯನ್ನೇ ನಂಬಿದ್ದೆ. ಹೆಣ್ಣಿನ ಕಡೆಯವರಿಗೆ ಕಳಿಸಲು ಫೋಟೋ ಬೇಕಾಗಿತ್ತು.

“ಬಾಯಿ ಮುಚ್ಚಿ ಸರ್.”

“ಮುಚ್ಚಿದ್ರೆ ಉಸಿರು ಕಟ್ಟುತ್ತೆ.”

“ಒಂದು ಕ್ಲಿಕ್ಕಿನ ಮಟ್ಟಿಗೆ ಮಾರಾಯ್ರೆ, ಜೀವನಪರ್ಯಂತ ಅಲ್ಲ.”

ಆಮೇಲೆ ನಾನು ಕೇಳದಿದ್ದರೂ ಕಂಪ್ಯೂಟರಿನಲ್ಲಿ ಮೂಗನ್ನು ನೆಟ್ಟಗೆ ಮಾಡಿದರು. ಮದುವೆಗೆ ತೋರಿಸುವ ಫೋಟೋ ಅಂದರೆ ಅವರು ಎಲ್ಲರಿಗೂ ಹೀಗೆ ಏನಾದರೂ ಸೇರಿಸಿಯೇ ಕೊಡುತ್ತಿದ್ದರು. ಒಬ್ಬರಿಗೆ ಕೂದಲು, ಇನ್ನೊಬ್ಬರಿಗೆ ಗಲ್ಲ...

ಶಿವಮೊಗ್ಗದ ವಿದ್ಯಾನಗರಕ್ಕೆ ಹೆಣ್ಣು ನೋಡಲು ಹೋದೆವು. ಆ ಫೋಟೋ ನೋಡಿದ್ದ ಹುಡುಗಿಯ ಸೋದರಮಾವ ನನ್ನ ಕೈಗೆ ಉಪ್ಪಿಟ್ಟಿನ ತಟ್ಟೆ ಕೊಟ್ಟು, “ಹುಡುಗ ಹಿಂದಿನ ಗಾಡೀಲಿ ಬರ್ತಿದ್ದಾರಾ?” ಎಂದರು. ತಿನ್ನಲೂ ಉಸಿರಾಡಲೂ ನನಗಿದ್ದದ್ದು ಒಂದೇ ಬಾಯಿ. ಉತ್ತರ ಕೊಡಲು ಅದರಲ್ಲಿ ಜಾಗವಿರಲಿಲ್ಲ.

ಸುದ್ದಿ ಕೇಳಿ ಫೋಟೋದವರು ನಗಲಿಲ್ಲ. ಮರುದಿನ ಅಂಗಡಿ ಮುಚ್ಚಿ, ನನ್ನನ್ನು ಬಸ್ಸು ಹತ್ತಿಸಿ, ಸವಳಂಗ ರಸ್ತೆಯ ಕಿವಿ-ಮೂಗು ಡಾಕ್ಟರ ಬಳಿ ಕರೆದೊಯ್ದರು. ಒಳಗಿನ ಗೋಡೆ ವಕ್ರವಾಗಿದೆ, ಆಪರೇಷನ್ ಮಾಡಿದರೆ ಉಸಿರೂ ಸರಿಹೋದೀತು, ಆಕಾರವೂ ಅಂದರು ಡಾಕ್ಟರು. ಮೊದಲು ನಾಲ್ಕು ಕಡೆಯಿಂದ ಫೋಟೋ ತರಬೇಕಂತೆ. ಅರಿವಳಿಕೆಯಲ್ಲಿ ಸಾಯುವುದರಿಂದ ಹಿಡಿದು, ಎಚ್ಚರವಾದಾಗ ಅಮ್ಮ ನನ್ನ ಗುರುತು ಹಿಡಿಯದೆ ಹೋಗುವವರೆಗಿನ ಎಲ್ಲ ಚಿಂತೆಯನ್ನೂ ವಾಪಸು ಬರುವ ಬಸ್ಸಿನಲ್ಲೇ ಮಾಡಿ ಮುಗಿಸಿದೆ.

“ಬೇಡ ಬಿಡಿ, ಇಷ್ಟು ವರ್ಷ ನಡೆದಿದೆಯಲ್ಲ,” ಎಂದೆ.

ಅವರು ಬಸ್ಸಿಳಿದದ್ದೇ ಸ್ಟುಡಿಯೋ ತೆರೆದು ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ ಎದುರಿಂದ, ಎಡದಿಂದ, ಬಲದಿಂದ, ಕೆಳಗಿನಿಂದಲೂ ಫೋಟೋ ತೆಗೆದರು. ಒಂದನ್ನೂ ತಿದ್ದಲಿಲ್ಲ. ನಾಲ್ಕನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟರು. ದಡಕ್ಕೆ ಬಿದ್ದ ಮೀನಿನಂತೆ, ಎಲ್ಲದರಲ್ಲೂ ನನ್ನ ಬಾಯಿ ತೆರೆದೇ ಇತ್ತು.

“ಚಂದ ಆಮೇಲಾಯ್ತು. ಇವ್ರಿಗೆ ಮೊದ್ಲು ಉಸಿರು ಬೇಕು ನೋಡಿ,” ಎಂದರು, ಬೇರೆ ಯಾರದೋ ಫೋಟೋ ತೋರಿಸುವವರಂತೆ.

ಒಪ್ಪಿಕೊಂಡೆ. ಆಪರೇಷನ್ನಾಗಿ ಮೂಗಿಗೆ ತುಂಬಿದ್ದ ಹತ್ತಿ ತೆಗೆದ ದಿನ ಎರಡೂ ಹೊಳ್ಳೆಗಳಲ್ಲಿ ಗಾಳಿ ತಣ್ಣಗೆ ಇಳಿಯಿತು. ಮೂಗು ಈಗಲೂ ಚೂರು ಎಡಕ್ಕೇ ಇದೆ. ಆಮೇಲೆ ನನ್ನನ್ನು ಮದುವೆಯಾದವಳಿಗೆ ಅದರ ಬಗ್ಗೆ ತಕರಾರಿಲ್ಲ. ರಾತ್ರಿ ಬಾಯಿ ಮುಚ್ಚಿ ನೆಮ್ಮದಿಯಾಗಿ ಮಲಗುತ್ತೇನೆ.

ಫೋಟೋದವರು ಹೋದ ವರ್ಷ ತೀರಿಕೊಂಡರಂತೆ, ನನಗೆ ತಿಳಿದದ್ದು ತಡವಾಗಿ. ನಿನ್ನೆ ಅವರ ಮುಖ ನೆನಪಿಸಿಕೊಳ್ಳಲು ಕೂತೆ. ಕನ್ನಡಕ ಬಂತು, ನರೆತ ಹುಬ್ಬು ಬಂತು... ಮೂಗು ಮಾತ್ರ ಬರಲಿಲ್ಲ. ನನ್ನದರ ಚಿಂತೆಯಲ್ಲಿ ಅವರದನ್ನು ಒಮ್ಮೆಯೂ ನೋಡಿರಲಿಲ್ಲ.