ಬಾಲ ಹಿಡಿಯುವವರಿಲ್ಲದ ವಿಮಾನ

ದೊಡ್ಡಬಳ್ಳಾಪುರದಲ್ಲಿ ಮುನಿರಾಜ್ ಅವರದು ಎರಡು ಕೋಣೆಯ ಬಾಡಿಗೆ ಮನೆ. ಒಂದರಲ್ಲಿ ಅವರು ಮಲಗುತ್ತಾರೆ, ಇನ್ನೊಂದರಲ್ಲಿ ವಿಮಾನ ಇರುತ್ತದೆ. ಆಟದ ವಿಮಾನ ಎಂದರೆ ಜನ ಅಂಗೈ ಅಗಲಿಸಿ "ಇಷ್ಟೇನಾ?" ಎಂದು ಕೇಳುತ್ತಾರೆ. ಇದರ ರೆಕ್ಕೆ ಜೋಡಿಸಿದರೆ ಈ ಗೋಡೆಯಿಂದ ಆ ಗೋಡೆಗೆ ಮುಟ್ಟುತ್ತದೆ. ತೆಳು ಮರದ ಪಟ್ಟಿಗಳನ್ನು ಕೊಯ್ದು ಅಂಟಿಸಿ, ಮೇಲೆ ಹಳದಿ ಹಾಳೆ ಹೊದಿಸಿ ಅವರೇ ಕಟ್ಟಿದ್ದು. ಮೂಗಿನಲ್ಲಿ ಪುಟ್ಟದೊಂದು ಪೆಟ್ರೋಲ್ ಇಂಜಿನ್. ನೆಲದ ಮೇಲೆ ನಿಂತು, ಕೈಯಲ್ಲಿ ರಿಮೋಟ್ ಹಿಡಿದು ಹಾರಿಸಬೇಕು.

ಅವರು ಗಾರ್ಮೆಂಟ್ಸ್ ಕಾರ್ಖಾನೆಯೊಂದರ ಸ್ಟೋರಿನಲ್ಲಿ ದಾರ, ಗುಂಡಿ, ಜಿಪ್ಪು ಎಣಿಸಿ ಕೊಡುವ ಕೆಲಸದಲ್ಲಿದ್ದರು. ಮದುವೆಯಾಗಲಿಲ್ಲ. ಅದಕ್ಕೆ ದೊಡ್ಡ ಕಾರಣವೇನೂ ಇರಲಿಲ್ಲ. ಮೊದಲು ತಾಯಿಯ ಕಾಯಿಲೆ, ಆಮೇಲೆ ತಂಗಿ ಶಶಿರೇಖಾಳ ಮದುವೆ, ಆಮೇಲೆ ವಯಸ್ಸು. ಜನ ಕೇಳುವುದನ್ನು ಬಿಟ್ಟರು, ಅವರೂ ಆ ಯೋಚನೆ ಬಿಟ್ಟರು.

ದೇವನಹಳ್ಳಿ ಏರ್‌ಪೋರ್ಟಿನ ಸುತ್ತಮುತ್ತ ಇಂಥವನ್ನು ಹಾರಿಸುವಂತಿಲ್ಲ. ಹಾಗಾಗಿ ಭಾನುವಾರ ಬೆಳಿಗ್ಗೆ ಹಳೇ ಓಮ್ನಿಗೆ ವಿಮಾನ ತುಂಬಿಕೊಂಡು ಸಾಸಲು ಕಡೆಯ ಒಂದು ಗೋಮಾಳಕ್ಕೆ ಹೋಗುತ್ತಿದ್ದರು. ಅಷ್ಟು ದೂರ ಹೋದರೂ ಒಂದು ತೊಡಕಿತ್ತು. ಪೆಟ್ರೋಲ್ ಇಂಜಿನ್ ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ. ಮುಂದೆ ಕೂತು ಒಬ್ಬರು ಮೂಗಿನ ತುದಿಯ ಫ್ಯಾನನ್ನು ಕೈಯಿಂದ ತಿರುಗಿಸಬೇಕು, ಹಿಂದೆ ಇನ್ನೊಬ್ಬರು ಬಾಲವನ್ನು ಗಟ್ಟಿಯಾಗಿ ಹಿಡಿದಿರಬೇಕು. ಇಲ್ಲದಿದ್ದರೆ ಇಂಜಿನ್ ಹತ್ತಿದ ತಕ್ಷಣ ವಿಮಾನ ಎದುರಿಗಿದ್ದವರ ಮೇಲೇ ನುಗ್ಗುತ್ತದೆ.

ಮೊದಲ ದಿನ ಅಲ್ಲಿ ಕಂಡವರು ಕುರಿ ಮೇಯಿಸುತ್ತಿದ್ದ ದೊಡ್ಡಬೀರಪ್ಪ ಒಬ್ಬರೇ.

"ಅಣ್ಣಾ, ಇದರ ಬಾಲ ಸ್ವಲ್ಪ ಹಿಡ್ಕೊತೀರಾ? ಬಿಟ್ರೆ ಓಡೋಗುತ್ತೆ."

"ಹೋತನ್ನೇ ಹಿಡಿದು ನಿಲ್ಸೋನು ನಾನು, ಇದೇನು ಮಹಾ!" ಎಂದು ಬೀರಪ್ಪ ಕೋಲು ಪಕ್ಕಕ್ಕಿಟ್ಟು ಮಂಡಿಯೂರಿ ಕೂತರು. ಇಂಜಿನ್ ಅಬ್ಬರಿಸಿತು. ತಲೆಯ ಟವೆಲ್ ಗಾಳಿಗೆ ಹಾರಿ ಜಾಲಿಗಿಡಕ್ಕೆ ಸಿಕ್ಕಿಕೊಂಡಿತು, ಕಣ್ಣಲ್ಲಿ ನೀರು ಬಂತು, ಆದರೂ ಕೈ ಬಿಡಲಿಲ್ಲ. ವಿಮಾನ ಮೇಲೇರಿದ ಮೇಲೆ ಇಬ್ಬರೂ ಒಟ್ಟಿಗೇ ತಲೆಯೆತ್ತಿ ನೋಡಿದರು.

ಆಮೇಲೆ ವರ್ಷಗಟ್ಟಲೆ ಭಾನುವಾರಗಳು ಹಾಗೇ ನಡೆದವು. ಬೀರಪ್ಪ ವಿಮಾನಕ್ಕೆ ಹಳ್ದಿ ಹೋತ ಎಂದು ಹೆಸರಿಟ್ಟರು. ಕುರಿಗಳ ಗೊರಸಿಗೆ ಬರುವ ರೋಗ, ಕಾರ್ಖಾನೆಯ ಮ್ಯಾನೇಜರನ ಸಿಡುಕು, ಮಳೆ ಬರುತ್ತದೋ ಇಲ್ಲವೋ, ಇವೇ ಅವರ ಮಾತು. ಒಬ್ಬರ ಮನೆಗೆ ಒಬ್ಬರು ಹೋದವರಲ್ಲ. ಫೋನ್ ನಂಬರ್ ಕೇಳಬೇಕೆಂದು ಇಬ್ಬರಿಗೂ ತೋಚಲಿಲ್ಲ. ಭಾನುವಾರ ಬಂದೇ ಬರುತ್ತದಲ್ಲ.

ಕಳೆದ ವರ್ಷ ಬೇಸಿಗೆಯ ಒಂದು ಭಾನುವಾರ ಬೀರಪ್ಪ ಬರಲಿಲ್ಲ. ಮುಂದಿನ ವಾರವೂ ಇಲ್ಲ. ಮುನಿರಾಜ್ ಹಾರಿಸದೆ ವಾಪಸಾದರು. ಮತ್ತೊಂದು ವಾರವೂ ಹಾಗೇ ಆದಾಗ ಓಮ್ನಿಯನ್ನು ಪಕ್ಕದ ಹಳ್ಳಿಗೆ ತಿರುಗಿಸಿ, ಅಂಗಡಿಯಲ್ಲಿ ವಿಚಾರಿಸಿಕೊಂಡು ಮನೆ ಹುಡುಕಿದರು. ಬಾಗಿಲಲ್ಲಿ ಹೆಂಗಸೊಬ್ಬರು ಹುರುಳಿ ಕೇರುತ್ತಿದ್ದರು. ಬೀರಪ್ಪನವರ ಹೆಂಡತಿ ಮುನಿವೆಂಕಟಮ್ಮ.

"ಬೀರಣ್ಣ ಇದಾರಾ ಅಕ್ಕಾ?"

ಆಕೆ ಇವರನ್ನು ನೋಡಿದರು, ಓಮ್ನಿಯ ಕಿಟಕಿಯಲ್ಲಿ ಕಾಣುತ್ತಿದ್ದ ಹಳದಿ ರೆಕ್ಕೆಯನ್ನು ನೋಡಿದರು.

"ಇಮಾನದೋರು ನೀವೇನಾ? ಅವ್ರು ಹೋಗ್ಬಿಟ್ರು ಕಣಪ್ಪಾ. ಎದೆನೋವು ಅಂದ್ರು, ಆಸ್ಪತ್ರೆ ಮುಟ್ಲೇ ಇಲ್ಲ. ತಿಥೀನೂ ಆಯ್ತು. ನಿಮ್ಗೆ ಹೇಳಿ ಕಳ್ಸಾಣ ಅಂದ್ರೆ ನೀವು ಯಾವೂರೋ ಏನೋ, ಯಾರ್ಗೂ ಗೊತ್ತಿರ್ಲಿಲ್ಲ."

ಒಳಗೆ ಕೂರಿಸಿ ಕಾಫಿ ಕೊಟ್ಟರು. ಗೋಡೆಯಲ್ಲಿ ಹಾರ ಹಾಕಿದ ಫೋಟೊ. ಅದರಲ್ಲಿದ್ದ ಬೀರಪ್ಪನವರು ತಲೆ ಬಾಚಿಕೊಂಡು, ಕಾಲರಿನ ಗುಂಡಿ ಹಾಕಿಕೊಂಡು ಬೇರೆ ಯಾರೋ ಆಗಿಬಿಟ್ಟಿದ್ದರು. ಮುನಿರಾಜ್‌ಗೆ ಅಳು ಒತ್ತಿಕೊಂಡು ಬಂತು. ಆದರೆ ಮನೆಯವರೇ ಅತ್ತು ಮುಗಿಸಿರುವ ಹೊತ್ತಿನಲ್ಲಿ ಹೊರಗಿನವನು ತಾನು ಅಳುವುದು ಹೇಗೆಂದು ತಿಳಿಯದೆ, ಕಾಫಿ ಕುಡಿದು ಎದ್ದರು.

ಸ್ವಲ್ಪ ದಿನದ ಮೇಲೆ ಒಬ್ಬರೇ ಗೋಮಾಳಕ್ಕೆ ಹೋಗಿ, ಗೂಟ ಹೊಡೆದು, ಬಾಲಕ್ಕೆ ಹಗ್ಗ ಕಟ್ಟಿ ಇಂಜಿನ್ ತಿರುಗಿಸಿದರು. ಸಡಿಲ ಮಣ್ಣು, ಗೂಟ ಕಿತ್ತುಬಂತು. ಮುನಿರಾಜ್ ಪಕ್ಕಕ್ಕೆ ಉರುಳಿದರೂ ಫ್ಯಾನ್ ಅವರ ಬಲಗೈ ಸೀಳಿತು. ಟವೆಲ್ ಸುತ್ತಿಕೊಂಡು ಒಂದೇ ಕೈಯಲ್ಲಿ ಗಾಡಿ ಓಡಿಸಿಕೊಂಡು ಆಸ್ಪತ್ರೆಗೆ ಬಂದರು. ಹೊಲಿಗೆ ಹಾಕುತ್ತಾ ನರ್ಸ್ ಕೇಳಿದಳು:

"ಜೊತೇಲಿ ಯಾರು ಬಂದಿದ್ದಾರೆ?"

"ಯಾರೂ ಇಲ್ಲಮ್ಮ."

ಸುದ್ದಿ ತಿಳಿದು ಶಶಿರೇಖಾ ದೇವನಹಳ್ಳಿ ಹತ್ತಿರದ ವಿಜಯಪುರದಿಂದ ಓಡಿಬಂದಳು. "ಸಾಕು ಬಿಡಣ್ಣ. ಯಾರ್ಗಾದ್ರೂ ಕೊಟ್ಬಿಡು ಅದನ್ನ. ಬೆರಳೇ ಹೋಗಿದ್ರೆ?"

"ಇಂಜಿನ್ ತೆಗ್ದು ಮೋಟ್ರು, ಬ್ಯಾಟ್ರಿ ಹಾಕ್ತೀನಿ ಕಣಮ್ಮ. ಆಗ ಯಾರೂ ಹಿಡ್ಕೊಳ್ಳೋದೇ ಬೇಡ."

ಅವಳು ಅಣ್ಣನ ಕೈಯ ಬ್ಯಾಂಡೇಜ್ ಸರಿಮಾಡಿದಳು. "ನಮ್ಮನೇಗೇ ಬಂದ್ಬಿಡು. ಒಬ್ನೇ ಯಾಕಿರ್ತೀಯ?"

"ನೋಡಾಣ," ಎಂದರು. ಹೋಗಲಿಲ್ಲ.

ಗಾಯ ಮಾಗಿದ ಮೇಲೆ ಇಂಜಿನ್ ಬಿಚ್ಚಿದರು, ಪೆಟ್ರೋಲ್ ಟ್ಯಾಂಕ್ ಹೊರತೆಗೆದರು. ಮೂಗಿನ ಮರ ಎಣ್ಣೆ ಕುಡಿದು ಕಪ್ಪಾಗಿತ್ತು. ಥಿನ್ನರ್ ಹಾಕಿ ಒರೆಸಿದರು, ಬ್ಲೇಡಿನಿಂದ ಹೆರೆದರು, ಮತ್ತೆ ಒರೆಸಿದರು. ಮೋಟಾರು ಇಂಜಿನ್ನಿಗಿಂತ ಗಿಡ್ಡ, ಹಗುರ. ಫ್ಯಾನ್ ಹಳೆಯ ಜಾಗಕ್ಕೇ ಬರಲೆಂದು ಪ್ಲೈವುಡ್ಡಿನ ಪೆಟ್ಟಿಗೆ ಮಾಡಿ ಮುಂದಕ್ಕೆ ಕೂರಿಸಿದರು. ಮೂಗು ಹಗುರಾದರೆ ವಿಮಾನ ಬಾಲ ಜೋತುಬಿಟ್ಟು ಬೀಳುತ್ತದೆ, ಹಾಗಾಗಿ ಬ್ಯಾಟರಿಗಳನ್ನು ಆದಷ್ಟು ಮುಂದಿಡಬೇಕು. ತೂಕ ಸಮವಾಗಿದೆಯೇ ಎಂದು ನೋಡಲು ಇಬ್ಬರು ಎರಡೂ ರೆಕ್ಕೆಯ ಕೆಳಗೆ ಬೆರಳಿಟ್ಟು ಎತ್ತುವುದು ವಾಡಿಕೆ. ಮುನಿರಾಜ್ ಸೂರಿನ ಕೊಕ್ಕೆಗೆ ಹಗ್ಗ ಹಾಕಿ ನೇತುಹಾಕಿದರು. ಬ್ಯಾಟರಿ ಚೂರು ಮುಂದೆ, ಚೂರು ಹಿಂದೆ ಸರಿಸುತ್ತಾ, ಅದು ತಾನಾಗಿ ನೆಟ್ಟಗೆ ನಿಲ್ಲುವವರೆಗೂ ಮಾಡಿದರು. ಎಷ್ಟೋ ಸಂಜೆ ಆ ಮನೆಯಲ್ಲಿ ಹಗ್ಗದ ಕಿರುಗುಟ್ಟುವಿಕೆ ಬಿಟ್ಟರೆ ಬೇರೆ ಸದ್ದಿರಲಿಲ್ಲ.

ಮಳೆಗಾಲ ಕಳೆದು ನೆಲ ಒಣಗಿದ ಮೇಲೆ ಗೋಮಾಳಕ್ಕೆ ಒಯ್ದರು. ಗಾಳಿಗೆ ಮುಖ ಮಾಡಿ ವಿಮಾನ ಇಟ್ಟು, ಹಿಂದೆ ಬಂದು ನಿಂತು ರಿಮೋಟಿನ ಕಡ್ಡಿ ಮೆಲ್ಲಗೆ ಒತ್ತಿದರು. ಅಬ್ಬರವಿಲ್ಲ, ಹೊಗೆಯಿಲ್ಲ. ಹುಲ್ಲಿನ ಮೇಲೆ ಓಡಿ ಸುಯ್ಯೆಂದು ಎದ್ದೇಬಿಟ್ಟಿತು. ಅಷ್ಟು ಚೆನ್ನಾಗಿ ಅದು ಎಂದೂ ಹಾರಿರಲಿಲ್ಲ. "ನೋಡಿದ್ರಾ!" ಎಂದು ಪಕ್ಕಕ್ಕೆ ತಿರುಗಿದರು. ಬಿಸಿಲಿನಲ್ಲಿ ಹುಲ್ಲು ಅಲ್ಲಾಡುತ್ತಿತ್ತು. ವಿಮಾನವನ್ನು ಬೇಗನೆ ಇಳಿಸಿಬಿಟ್ಟರು.

ಆದರೂ ಹೋಗುವುದನ್ನು ನಿಲ್ಲಿಸಲಿಲ್ಲ. ಕೆಲವು ವಾರಗಳ ಮೇಲೆ ಮುನಿವೆಂಕಟಮ್ಮ ನಾಲ್ಕಾರು ಕುರಿ ಹೊಡೆದುಕೊಂಡು ಆ ಕಡೆ ಬಂದರು. ಮಿಕ್ಕ ಕುರಿಗಳನ್ನು ಮಾರಿದ್ದರು. ಇವರನ್ನು ಕಂಡು ದೂರದಲ್ಲೇ ನಿಂತರು.

"ಬರ್ತಾ ಇದೀರಾ? ಸದ್ದೇ ಕೇಳ್ಳಿಲ್ವಲ್ಲ, ನಿಲ್ಸಿಬಿಟ್ರೇನೋ ಅಂದ್ಕೊಂಡಿದ್ದೆ."

"ಇಂಜಿನ್ ತೆಗ್ದೆ ಅಕ್ಕ. ಈಗ ಬ್ಯಾಟ್ರೀದು. ಸದ್ದು ಬರಲ್ಲ."

"ಮುಂಚೆ ಮನೆಗಂಟ ಕೇಳ್ಸೋದು. ಆ ಸದ್ದು ನಿಂತ ಮೇಲೇ ನಾನು ಮುದ್ದೆಗೆ ಎಸರಿಡ್ತಾ ಇದ್ದಿದ್ದು. ಅವ್ರು ಇನ್ನೇನು ಬರ್ತಾರೆ ಅಂತ."

ಮುನಿರಾಜ್ ರಿಮೋಟ್ ಕೈಗೆತ್ತಿಕೊಂಡರು. ವಿಮಾನ ಹಾರಿಸಿ ತೋರಿಸಿದರು. ಆಕೆ ಸೆರಗನ್ನು ಹಣೆಗೆ ಅಡ್ಡ ಹಿಡಿದು ಕೊನೆಯವರೆಗೂ ನೋಡಿದರು.

"ಚೆನ್ನಾಗೈತೆ," ಎಂದರು. ಕುರಿಗಳ ಹಿಂದೆ ಹೊರಟವರು ನಿಂತು, "ಬಂದಾಗ ಊರ ಮುಂದೆ ಒಂದ್ಸಲ ಹಾರ್ನ್ ಹೊಡೀರಪ್ಪಾ. ಬಂದಿದೀರಾ ಅಂತ ಗೊತ್ತಾಗ್ಲಿ," ಎಂದರು.

ಮುನಿರಾಜ್ ಈಗಲೂ ಭಾನುವಾರ ಹೋಗುತ್ತಾರೆ. ಹಳ್ಳಿಯ ತಿರುವಿನಲ್ಲಿ ಹಾರ್ನ್ ಹೊಡೆಯುತ್ತಾರೆ. ಯಾರೂ ಹೊರಗೆ ಬರುವುದಿಲ್ಲ, ಬರಲೆಂದು ಅವರು ಗಾಡಿ ನಿಲ್ಲಿಸುವುದೂ ಇಲ್ಲ. ಗೋಮಾಳದಲ್ಲಿ ಒಬ್ಬರೇ ರೆಕ್ಕೆ ಜೋಡಿಸುತ್ತಾರೆ, ಬ್ಯಾಟರಿ ಮುಗಿಯುವವರೆಗೂ ಹಾರಿಸುತ್ತಾರೆ, ಬಿಸಿಲೇರುವ ಮೊದಲೇ ಮನೆಗೆ ಹೊರಡುತ್ತಾರೆ.