ರಾಮದುರ್ಗದ ರೈಫಲ್ಲಿನ ಇಸವಿ

ಬೈಲಹೊಂಗಲದಿಂದ ಸವದತ್ತಿಗೆ ಹೋಗುವ ಬಸ್ಸು ಆರೂವರೆಗೆ ಹೊರಡಬೇಕಿತ್ತು, ಏಳಕ್ಕೆ ಹೊರಟಿತು. ತೊಂಬತ್ತೆಂಟರ ದೀಪಾವಳಿ ಮುಗಿದ ಮಾರನೆಯ ವಾರ. ಚಳಿ ಆಗಷ್ಟೇ ಕಾಲಿಟ್ಟಿತ್ತು. ಜೊತೆಗಿದ್ದವನು ನೇಸರಗಿಯ ಗೆಳೆಯ ಬಸಣ್ಣ. ಕಾಡುಹಂದಿಗಳು ಎರಡು ವರ್ಷದಿಂದ ಅವನ ಶೇಂಗಾ ಹೊಲವನ್ನು ಅವನಿಗಿಂತ ಚೆನ್ನಾಗಿ ಉಳುತ್ತಿದ್ದವು. ಓಡಾಡಿ ಓಡಾಡಿ ರೈಫಲ್ ಕೊಳ್ಳಲು ಪರವಾನಗಿ ಪಡೆದಿದ್ದ. ಅದರ ಅವಧಿ ಮುಗಿಯಲು ಇನ್ನು ಹನ್ನೆರಡೇ ದಿನ ಉಳಿದಿದ್ದವು. ಕಿತ್ತೂರಿನಲ್ಲಿ ನೋಡಿದ ರೈಫಲ್ಲಿನ ಹಿಡಿಯ ಕಟ್ಟಿಗೆ ಸೀಳಿಹೋಗಿತ್ತು. ಉಳಿದದ್ದು ರಾಮದುರ್ಗದ್ದೊಂದೇ.

ನನ್ನನ್ನು ಕರೆದೊಯ್ದದ್ದಕ್ಕೆ ಕಾರಣವಿತ್ತು. ಫೌಜಿನ ವರ್ಕ್‌ಶಾಪಿನಲ್ಲಿ ಹದಿನೇಳು ವರ್ಷ ಬಂದೂಕು ಬಿಚ್ಚಿ ಜೋಡಿಸಿದವನು ನಾನು. ಯಾವ ಬಂದೂಕು ಕಂಡರೂ ಅದರ ವಯಸ್ಸು ಪತ್ತೆ ಮಾಡದೆ ಬಿಡದ ಚಟ ಆಗಲೇ ಅಂಟಿಕೊಂಡಿತ್ತು. ಎಮ್ಮೆಯ ಹಲ್ಲು ನೋಡುವ ದಲ್ಲಾಳಿಗೂ ನನಗೂ ವ್ಯತ್ಯಾಸವಿಲ್ಲ ಎಂದು ಹೆಂಡತಿ ಹಂಗಿಸುತ್ತಾಳೆ.

ಸವದತ್ತಿಗೆ ಟಿಕೇಟು ಹನ್ನೊಂದು ರೂಪಾಯಿ. ಬಸ್ಸು ಮುನವಳ್ಳಿ ಹಾಯ್ದು ಬಂದದ್ದರಿಂದ ನವಿಲುತೀರ್ಥ ಅಣೆಕಟ್ಟಿನ ನೀರು ಕಂಡಿತು. ಸವದತ್ತಿಯ ನಿಲ್ದಾಣದಲ್ಲಿ ಹಣೆಗೆ ಭಂಡಾರದ ಅರಿಶಿನ ಬಳಿದುಕೊಂಡ ಭಕ್ತರ ನಡುವೆ ನಿಂತು ಮಿರ್ಚಿ ಭಜಿ ತಿಂದು, ಚಹಾ ಕುಡಿದು, ಇನ್ನೊಂದು ಬಸ್ಸು ಹಿಡಿದೆವು. ರಾಮದುರ್ಗ ತಲುಪಿದಾಗ ಹನ್ನೊಂದೂವರೆ. ಓಣಿಯಲ್ಲಿ ಮಗ್ಗಗಳ ಸದ್ದು ಬಿಟ್ಟರೆ ಎಲ್ಲವೂ ತಣ್ಣಗಿತ್ತು.

ಮಾರುವವರು ಗೋವಿಂದರಾಯರು, ಎಪ್ಪತ್ತು ದಾಟಿದವರು, ಹಿಂದೆ ವಕೀಲರೊಬ್ಬರಲ್ಲಿ ಗುಮಾಸ್ತರಾಗಿದ್ದವರು. ಕಣ್ಣಿಗೆ ಪರೆ ಬಂದು ಬಂದೂಕಿನ ಆಸೆ ಬಿಟ್ಟಿದ್ದರು. ಸೊಸೆ ಹಚ್ಚಿದ ಅವಲಕ್ಕಿ ತಂದಿಟ್ಟಳು. ರಾಯರ ಹೆಂಡತಿ ಇಂದಿರಾಬಾಯಿಯವರು ಹಳೆಯ ಇಳಕಲ್ ಸೀರೆಯ ತುಂಡಿನಲ್ಲಿ ಸುತ್ತಿದ ರೈಫಲ್ಲನ್ನು ಎರಡೂ ಕೈಯಲ್ಲಿ ಹಿಡಿದು ದೇವರಕೋಣೆಯಿಂದ ಹೊರಗೆ ಬಂದರು.

"ನಮ್ಮ ಅಜ್ಜಮಾವನವರದು ರೀ, ಇವರ ಅಜ್ಜಾರದು. ಚಿರತಿ ಹೊಡದಿದ್ರಂತ ಇದರಿಂದ" ಎಂದರು. ರಾಯರು ಅವಲಕ್ಕಿ ತಟ್ಟೆ ನೋಡುತ್ತ ತಲೆಯಾಡಿಸಿದರು.

ಮೊದಲು ಒಳಗೆ ಗುಂಡಿಲ್ಲವೆಂದು ಖಾತ್ರಿ ಮಾಡಿಕೊಂಡೆ. ಆಮೇಲೆ ಹಿಂದಿನ ತೂತಿನಲ್ಲಿ ಬಿಳಿ ಕಾಗದದ ಚೂರಿಟ್ಟು, ಆ ಕಡೆಯನ್ನು ಬಾಗಿಲ ಬೆಳಕಿಗೆ ತಿರುಗಿಸಿ, ನಳಿಗೆಯ ಬಾಯಿಗೆ ಕಣ್ಣಿಟ್ಟೆ. ಒಳಗಿನ ಸುರುಳಿ ಗೀರುಗಳು ಬಾಯಿಯವರೆಗೂ ಚೂಪಾಗಿದ್ದವು. ತುಕ್ಕಿಲ್ಲ, ಕಟ್ಟಿಗೆಯಲ್ಲಿ ಸೀಳಿಲ್ಲ. ಬಸಣ್ಣನ ಮುಖ ಅರಳಿತು. ಆದರೆ ನಂಬರು ಹುಡುಕಲು ಹೊರಗೆ ತಿರುಗಿಸಿದಾಗ ನನಗೆ ದಿಕ್ಕೇ ತೋಚಲಿಲ್ಲ. ಕಪ್ಪಾಗಿರಬೇಕಾದ ಉಕ್ಕು ಮದುವೆಮನೆಯ ತಂಬಿಗೆಯ ಹಾಗೆ ಥಳಥಳಿಸುತ್ತಿತ್ತು. ನಂಬರಿಲ್ಲ, ಮುದ್ರೆಯಿಲ್ಲ, ತಯಾರಿಸಿದವರ ಹೆಸರೂ ಇಲ್ಲ.

"ಇದನ್ನ ಯಾರು ತಿಕ್ಕಿದ್ರಿ?"

"ನಾನಽ ರೀ" ಎಂದರು ಇಂದಿರಾಬಾಯಿ, ಹೆಮ್ಮೆಯಿಂದ. "ಪ್ರತಿ ಖಂಡೇನವಮಿ ಆಯುಧಪೂಜಿಗೆ ಹುಣಸಿಹಣ್ಣು, ಬೂದಿ ಹಚ್ಚಿ ತಿಕ್ಕತೇನಿ. ನಲವತ್ತ ವರ್ಷದ ಮ್ಯಾಲಾತು. ದೇವರ ಮುಂದ ಇಡೂ ಸಾಮಾನು ಕರ್ರಗ ಇದ್ರ ಹೆಂಗ್ರಿ?"

ನಗು ಬಂತು, ನಗಲಿಲ್ಲ. ಬಸಣ್ಣ ನನ್ನ ಕಿವಿಯ ಹತ್ತಿರ ಬಗ್ಗಿದ. "ಫೌಜಿ, ಲೈಸೆನ್ಸಿನ ನಂಬರ ಇದರ ಮ್ಯಾಲ ಇಲ್ಲಂದ್ರ ನಾ ಇದನ್ನ ತಗೊಂಡು ಠಾಣೆದಾಗ ಕುಂಡ್ರಬೇಕಾಗತೈತಿ."

ಪಿಸುಮಾತಾದರೂ ಇಂದಿರಾಬಾಯಿಯವರಿಗೆ ಕೇಳಿಸಿತು. ಅವರು ತಮ್ಮ ಅಂಗೈ ನೋಡಿಕೊಂಡು ಅಲ್ಲೇ ಕುಳಿತರು. "ನನ್ನ ಕೈಲೆ ಕೆಟ್ಟತಲ್ರಿ" ಎಂದರು. ನನಗೆ ಬಹಳ ಕೆಡುಕೆನಿಸಿತು.

ನನಗೆ ಒಂದು ಆಸೆಯಿತ್ತು. ಕಟ್ಟಿಗೆಯೊಳಗೆ ಹುದುಗಿದ ಉಕ್ಕಿಗೆ ಹುಣಸೆಹಣ್ಣು ತಾಗುವುದಿಲ್ಲ. ಕೆಳಗಿನ ಎರಡು ತಿರುಪು ಸಡಿಲಿಸಿ, ನಳಿಗೆಯನ್ನು ಮೆಲ್ಲಗೆ ಮೇಲೆತ್ತಿದೆ. ಅಡಿಭಾಗ ಕಡುಗಪ್ಪಾಗಿ, ಹಳೆಯ ಗ್ರೀಸಿನಲ್ಲಿ ಹಾಗೇ ಉಳಿದಿತ್ತು. ಚಿಂದಿಯಿಂದ ಒರೆಸಿದಾಗ ನಂಬರು ಎದ್ದು ಬಂತು. ನಾನು ಒಂದೊಂದೇ ಅಂಕಿ ಓದಿದೆ. ರಾಯರು ಲೈಸೆನ್ಸ್ ಪುಸ್ತಕವನ್ನು ಮೂಗಿಗೆ ತಾಗಿಸಿ ಒಂದೊಂದಕ್ಕೂ "ಹೌದು" ಎಂದರು. ಕೊನೆಯ "ಹೌದು" ಬಂದಾಗ ಬಸಣ್ಣ ಉಳಿದ ಅವಲಕ್ಕಿಯನ್ನು ಒಂದೇ ತುತ್ತಿಗೆ ಮುಗಿಸಿದ. ಮುಂಗಡ ಕೊಡಲು ಅಂಗಿಯ ಒಳಜೇಬಿಗೆ ಕೈಹಾಕಿದ.

ಅಲ್ಲಿಗೆ ನಾನು ಸುಮ್ಮನಿರಬೇಕಿತ್ತು. ಆದರೆ ನಂಬರಿನ ಪಕ್ಕದಲ್ಲಿ ಕಾರ್ಖಾನೆಯ ಪರೀಕ್ಷೆಯ ಮುದ್ರೆ, ಅದರ ಪಕ್ಕದಲ್ಲಿ ಇಸವಿ ಕಂಡಿತ್ತು.

"ಎಷ್ಟ ವರ್ಷದ್ದ ಅದ ರೀ?" ಎಂದು ಬಾಯಿಯವರು ಕೇಳಿದರು.

"ಐವತ್ನಾಲ್ಕನೇ ಇಸ್ವಿದು ರೀ."

ಬಾಯಿಯವರು ಬೆರಳು ಮಡಿಚಿ ಎಣಿಸಿದರು. "ಅಜ್ಜಮಾವನವರು ತೀರಿಹೋಗಿದ್ದು ಸ್ವಾತಂತ್ರ್ಯಕ್ಕಿಂತ ಮೊದಲಽ ಅಲ್ರಿ?" ಎಂದು ಅವರು ಗಂಡನ ಕಡೆ ತಿರುಗಿದರು. "ಐವತ್ನಾಲ್ಕಂದ್ರ ನಾ ಈ ಮನಿಗೆ ಬಂದ ವರ್ಷ."

ರಾಯರು ಕನ್ನಡಕ ತೆಗೆದರು. "ನಿಮ್ಮಪ್ಪ ಸಂಬಂಧಕ್ಕ ಮನಿ ನೋಡಾಕ ಬರತಾನಂತ ತಂದಿದ್ದೆ. ಗ್ವಾಡಿ ಮ್ಯಾಲ ಒಂದ ಬಂದೂಕಿದ್ರ ಮನೆತನ ದೊಡ್ಡದು ಅನಸ್ತದಂತ. ಅಜ್ಜನದು ಅಂತ ಹೇಳಿಬಿಟ್ಟೆ. ಆಮ್ಯಾಲ ನೀ ಪೂಜಿ ಚಾಲೂ ಮಾಡಿದಿ. ಬಾಯಿ ಬಿಡಾಕ ಆಗಲಿಲ್ಲ."

"ಹಂಗಾದ್ರ ಇಷ್ಟ ವರ್ಷ ನಾ ತಿಕ್ಕಿ ತಿಕ್ಕಿ ಪೂಜಿ ಮಾಡಿದ್ದು ನಿಮ್ಮ ಸುಳ್ಳಿಗೇನು?"

ನಾನು ತಲೆ ಎತ್ತದೆ ತಿರುಪು ಬಿಗಿಮಾಡಿದೆ. ಜೋಡಿಸಿದ ರೈಫಲ್ಲನ್ನು ಬಾಯಿಯವರು ಇಸಿದುಕೊಂಡು, ಅದೇ ಇಳಕಲ್ ತುಂಡಿನಲ್ಲಿ ಸುತ್ತತೊಡಗಿದರು.

"ಬಸಣ್ಣಾರ, ತಪ್ಪ ತಿಳೀಬ್ಯಾಡ್ರಿ" ಎಂದರು. "ಅಜ್ಜಮಾವನವರದಾಗಿದ್ರ ಕೊಟ್ಟುಬಿಡತಿದ್ದೆ, ಅವರನ್ನ ನಾ ನೋಡಿಲ್ಲ. ಇದು ನನ್ನ ಸಲುವಾಗಿ ತಂದದ್ದು. ನಾ ಕೊಡಂಗಿಲ್ಲ."

ಬಸಣ್ಣ ರಾಯರ ಮುಖ ನೋಡಿದ. ರಾಯರು ಹೆಂಡತಿಯ ಮುಖ ನೋಡುತ್ತಿದ್ದರು.

ಬರಿಗೈಲಿ ಹೊರಟೆವು. ಓಣಿಯ ತಿರುವಿನಲ್ಲಿ ಹಿಂತಿರುಗಿ ನೋಡಿದೆ. ರಾಯರು ಹೊಸ್ತಿಲಲ್ಲಿ ನಿಂತು ಎರಡೂ ಕೈ ಎತ್ತಿ ಮುಗಿದರು. ಕ್ಷಮೆ ಕೇಳಿದರೋ ಧನ್ಯವಾದ ಹೇಳಿದರೋ ತಿಳಿಯಲಿಲ್ಲ. ಬಸಣ್ಣನ ಹೊಲ ನೆನೆದು ಸಂಕಟವಾಯಿತು. ಆದರೂ ಒಳಗೊಳಗೇ ಖುಷಿಯಾಗಿದ್ದನ್ನು ಮುಚ್ಚಿಡಲಾರೆ.

ಮರಳಿ ಯರಗಟ್ಟಿಯ ಮೇಲೆ ಬಂದೆವು. ಮುರಗೋಡದಲ್ಲಿ ಬಸ್ಸು ನಿಂತಾಗ ಬಸಣ್ಣ ಕಿಟಕಿಯ ಹೊರಗೆ ನೋಡುತ್ತಲೇ ಕೇಳಿದ.

"ನಂಬರ ಓದಂದ್ರ ನಂಬರ ಓದಿ ಬಿಡಬೇಕಿತ್ತು. ಇಸ್ವಿ ಯಾರು ಕೇಳಿದ್ರೋ ನಿನ್ನ?"

"ಬಾಯಾರು ಕೇಳಿದ್ರಲ್ಲೋ" ಎಂದೆ.